13 ಮೀಟರ್ ದೂರದ ಸರೌಂಡ್ ಸ್ಪೀಕರಿಗೆ ಎಷ್ಟು ದಪ್ಪದ ವೈರ್ ಹಾಕಬೇಕು?

ನಾದದ_ಹಾಲ್

ಎಲ್ಲರಿಗೂ ನಮಸ್ಕಾರ. 5.1 ಸೆಟ್‌ಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ವೈರ್ ಕೊಳ್ಳುವ ಮೊದಲು ಲೆಕ್ಕ ಸರಿ ಮಾಡಿಕೊಳ್ಳಬೇಕಿದೆ.

ಮುಂದಿನ ಎರಡು ಟವರ್ ಮತ್ತು ಸೆಂಟರ್ 6 ಓಮ್‌ನವು, ರಿಸೀವರಿನಿಂದ (ಆಂಪ್ ಇರುವ ಪೆಟ್ಟಿಗೆ) 3 ಮೀಟರ್ ದೂರ. ಹಿಂದಿನ ಸರೌಂಡ್ ಎರಡೂ 8 ಓಮ್. ಎಡಗಡೆಯದಕ್ಕೆ ವೈರ್ ಹೋಗುವ ದಾರಿ 9 ಮೀಟರ್. ಬಲಗಡೆಯದು ಬಾಗಿಲ ಚೌಕಟ್ಟು ಸುತ್ತಿ ಹೋಗಬೇಕು, ಹಾಗಾಗಿ 13 ಮೀಟರ್. ಗೋಡೆ ಒಡೆಯುವ ಹಾಗಿಲ್ಲ, ಸ್ಕರ್ಟಿಂಗ್ ಮೇಲೆ ಕೇಸಿಂಗ್ ಪಟ್ಟಿ ಹೊಡೆದು ಒಯ್ಯುವುದು.

ಅಂಗಡಿಯಲ್ಲಿ ತೋರಿಸಿದ್ದು ಮೂರು: 40/76 ಜೋಡಿ ವೈರ್, ಮನೆ ವೈರಿಂಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ, ಮತ್ತು ‘14 ಗೇಜ್ ಆಕ್ಸಿಜನ್ ಫ್ರೀ’ ಅಂತ ಬರೆದಿರುವ ಪಾರದರ್ಶಕ ವೈರ್. ಈ ಮೂರನೆಯದು ತೀರಾ ಅಗ್ಗ. ಯಾವುದು ತಗೊಳ್ಳಲಿ? ಎರಡೂ ಸರೌಂಡಿಗೆ 13 ಮೀಟರೇ ಹಾಕಿ ಸಮ ಮಾಡಬೇಕಾ?

ಓಮ್_ಲೆಕ್ಕ

ದೂರ, ಓಮ್ ಎರಡನ್ನೂ ಕೊಟ್ಟಿದ್ದೀರಿ, ಅರ್ಧ ಕೆಲಸ ಮುಗಿದ ಹಾಗೆ. ಬಹಳ ಜನ ಆಂಪ್ ಎಷ್ಟು ವ್ಯಾಟ್ ಅಂತ ಹೇಳಿ ವೈರ್ ಕೇಳುತ್ತಾರೆ. ಮನೆ ಮಟ್ಟಿಗೆ ವ್ಯಾಟ್‌ನಿಂದ ವೈರಿನ ದಪ್ಪ ತೀರ್ಮಾನ ಆಗುವುದಿಲ್ಲ. ಎಷ್ಟು ದೂರ, ಸ್ಪೀಕರ್ ಎಷ್ಟು ಓಮ್ – ಇವೆರಡೇ.

ಎಳೆಎಳೆಯಾಗಿರುವ ತಾಮ್ರದ ವೈರಿನ ಗರಿಷ್ಠ ರೋಧ (ಕರೆಂಟಿಗೆ ವೈರ್ ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಸ್ಟ್ಯಾಂಡರ್ಡ್ ಪ್ರಕಾರ ಹೀಗಿದೆ: 1 ಸ್ಕ್ವೇರ್ ಎಂಎಂಗೆ ಕಿಲೋಮೀಟರಿಗೆ 19.5 ಓಮ್, 1.5ಕ್ಕೆ 13.3, 2.5ಕ್ಕೆ 7.98, 4ಕ್ಕೆ 4.95. ಸ್ಪೀಕರಿಗೆ ಕರೆಂಟ್ ಜೋಡಿಯ ಒಂದು ಎಳೆಗಟ್ಟಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು, ಆದ್ದರಿಂದ ದೂರವನ್ನು ಎರಡು ಪಟ್ಟು ಹಿಡಿಯಬೇಕು. ಜನ ಇಲ್ಲೇ ಎಡವುವುದು.

ಇದನ್ನೆಲ್ಲ ಒಂದೇ ಸಾಲಿಗೆ ಇಳಿಸಬಹುದು. ಹೋಗಿಬರುವ ಎರಡೂ ಎಳೆಗಟ್ಟು ಸೇರಿ, ಒಂದು ಮೀಟರ್ ದೂರಕ್ಕೆ ರೋಧ = 40 ಭಾಗಿಸು ಸ್ಕ್ವೇರ್ ಎಂಎಂ, ಉತ್ತರ ಮಿಲಿಓಮ್‌ನಲ್ಲಿ. 2.5ಕ್ಕೆ 16 ಮಿಲಿಓಮ್, 4ಕ್ಕೆ 10.

ವೈರಿನ ಒಟ್ಟು ರೋಧ ಸ್ಪೀಕರ್ ಓಮ್‌ನ 5 ಶೇಕಡಾ ದಾಟಬಾರದು ಅನ್ನುವುದು ಹಳೆಯ ವಾಡಿಕೆ. 8 ಓಮಿಗೆ ಅದು 400 ಮಿಲಿಓಮ್. ಅಂದರೆ:

8 ಓಮ್ ಸ್ಪೀಕರ್: ಒಂದೊಂದು ಸ್ಕ್ವೇರ್ ಎಂಎಂಗೆ 10 ಮೀಟರ್.
6 ಓಮ್: ಏಳೂವರೆ ಮೀಟರ್.
4 ಓಮ್: 5 ಮೀಟರ್.

ನಿಮ್ಮ 13 ಮೀಟರ್, 8 ಓಮಿಗೆ ಕನಿಷ್ಠ 1.3 ಸ್ಕ್ವೇರ್ ಎಂಎಂ ಬೇಕಾಯಿತು. 1.5 ಹಾಕಿದರೆ 347 ಮಿಲಿಓಮ್, ಅಂದರೆ 4.3 ಶೇಕಡಾ, ಪಾಸ್. 2.5 ಹಾಕಿದರೆ 208 ಮಿಲಿಓಮ್, 2.6 ಶೇಕಡಾ, ನಿಶ್ಚಿಂತೆ. ಮುಂದಿನ 6 ಓಮ್ ಸ್ಪೀಕರಿಗೆ 3 ಮೀಟರ್ ಅಷ್ಟೇ ಇರುವುದರಿಂದ 1.5ರಲ್ಲೇ 80 ಮಿಲಿಓಮ್, ಶೇಕಡಾ 1.3. ಅಲ್ಲಿಗೆ 4 ಸ್ಕ್ವೇರ್ ಹಾಕುವುದು ತಾಮ್ರಕ್ಕೆ ದಂಡ.

ಸೋಲ್ಡರ್_ಕಡ್ಡಿ

40/76 ಬಗ್ಗೆ ಹೇಳಿಬಿಡುತ್ತೇನೆ, ಅಂಗಡಿಯಲ್ಲಿ ಈ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ. 40 ಅಂದರೆ ಎಳೆಗಳ ಸಂಖ್ಯೆ. 76 ಅಂದರೆ ಒಂದೊಂದು ಎಳೆಯ ವ್ಯಾಸ 0.0076 ಇಂಚು, ಸುಮಾರು 0.193 ಮಿಲಿಮೀಟರ್. ಗುಣಿಸಿದರೆ 14/76 ಅಂದರೆ 0.41 ಸ್ಕ್ವೇರ್ ಎಂಎಂ, 23/76 ಅಂದರೆ 0.67, 40/76 ಅಂದರೆ 1.17, 70/76 ಅಂದರೆ 2.05.

ಹಾಗಾಗಿ 40/76 ನಿಮ್ಮ 9 ಮೀಟರಿಗೆ ಆಗುತ್ತೆ, 13 ಮೀಟರಿಗೆ ಗೆರೆ ದಾಟುತ್ತೆ. ಸೆಟ್ ಜೊತೆ ಪುಕ್ಕಟೆ ಬರುವ ವೈರ್ ಎಷ್ಟೋ ಸಲ 14/76ಕ್ಕಿಂತಲೂ ತೆಳ್ಳಗಿರುತ್ತೆ. ಅದನ್ನು ಆ ಸೆಟ್‌ನ ಪುಟ್ಟ ಸ್ಪೀಕರಿಗೆ ಬಿಟ್ಟು ಬೇರೆಲ್ಲೂ ಬಳಸಬೇಡಿ.

ಕುಡ್ಲ_ಆಡಿಯೊ

5 ಶೇಕಡಾ ದಾಟಿದರೆ ಕಿವಿಗೆ ಏನು ಗೊತ್ತಾಗುತ್ತದೆ ಮಾರಾಯ್ರೆ? ವಾಲ್ಯೂಮ್ ಸ್ವಲ್ಪ ಕಡಿಮೆ ಅಷ್ಟೇ ಅಲ್ವಾ, ಎರಡು ಪಾಯಿಂಟ್ ಏರಿಸಿದರೆ ಆಯಿತು.

ಓಮ್_ಲೆಕ್ಕ

ವಾಲ್ಯೂಮ್ ಕಡಿಮೆಯಾಗುವುದು ಸಮಸ್ಯೆಯೇ ಅಲ್ಲ. ಎಲ್ಲ ಸ್ವರಕ್ಕೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ ಅನ್ನುವುದೇ ಸಮಸ್ಯೆ.

8 ಓಮ್ ಅಂತ ಹಿಂದೆ ಬರೆದಿರುವ ಸ್ಪೀಕರ್ ಎಲ್ಲ ಫ್ರೀಕ್ವೆನ್ಸಿಯಲ್ಲೂ 8 ಓಮ್ ಇರುವುದಿಲ್ಲ. ಐಇಸಿ 60268-5 ಸ್ಟ್ಯಾಂಡರ್ಡ್ ಪ್ರಕಾರ ಬರೆದಿರುವ ಅಂಕಿಯ 80 ಶೇಕಡಾಕ್ಕಿಂತ ಕೆಳಗೆ ಇಳಿಯಬಾರದು, ಅಂದರೆ 6.4 ಓಮ್ ತನಕ ಇಳಿಯಲು ಅನುಮತಿ ಇದೆ. ಬೇಸ್ ರೆಸೊನೆನ್ಸ್ (ಕೋನ್ ತಾನಾಗಿ ಕಂಪಿಸುವ ಕೆಳಸ್ವರ) ಹತ್ತಿರ ಅದೇ ಸ್ಪೀಕರ್ 30 ಓಮ್ ತನಕ ಏರಬಹುದು. ವೈರ್ ಮತ್ತು ಸ್ಪೀಕರ್ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಸ್ಪೀಕರ್ 6.4 ಓಮ್ ಇರುವ ಕಡೆ ವೈರ್ ಹೆಚ್ಚು ಪಾಲು ನುಂಗುತ್ತದೆ, 30 ಓಮ್ ಇರುವ ಕಡೆ ಕಡಿಮೆ.

13 ಮೀಟರಿಗೆ 23/76 ಹಾಕಿದಿರಿ ಅನ್ನಿ. ರೋಧ ಸುಮಾರು 0.78 ಓಮ್. 6.4 ಓಮ್ ಜಾಗದಲ್ಲಿ ನಷ್ಟ 1 ಡಿಬಿ (ಡೆಸಿಬೆಲ್, ಶಬ್ದದ ಮಟ್ಟದ ಅಳತೆ), 30 ಓಮ್ ಜಾಗದಲ್ಲಿ 0.22 ಡಿಬಿ. ಅಂದರೆ ಸ್ಪೀಕರಿನ ಸ್ವರದ ಸಮತೋಲ ಮುಕ್ಕಾಲು ಡಿಬಿಗಿಂತ ತುಸು ಹೆಚ್ಚೇ ವಾಲಿತು. ಸಾಮಾನ್ಯವಾಗಿ ಬೇಸ್ ಉಬ್ಬಿ, ಮಾತಿನ ಭಾಗ ಒಂದಿಷ್ಟು ಹಿಂದೆ ಸರಿದ ಹಾಗೆ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಈ ವಾಲಿಕೆ ಹೋಗುವುದಿಲ್ಲ. ನಾದದ_ಹಾಲ್ ಅವರ ಮುಂದಿನ ಟವರಿಗೆ 3 ಮೀಟರ್, 1.5 ಹಾಕಿದರೆ ಈ ವಾಲಿಕೆ 0.12 ಡಿಬಿ ಆಸುಪಾಸು. ಯಾರ ಕಿವಿಗೂ ಬೀಳುವುದಿಲ್ಲ.

ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್ ಓಮನ್ನು ಆಂಪ್‌ನ ಒಳರೋಧದಿಂದ ಭಾಗಿಸಿದ ಅಂಕಿ, ಕೋನ್ ಮೇಲಿನ ಹಿಡಿತದ ಅಳತೆ) ವಾದ ಯಾರಾದರೂ ಎತ್ತುವ ಮೊದಲೇ ಹೇಳುತ್ತೇನೆ. ಆಂಪ್‌ನ ಡ್ಯಾಂಪಿಂಗ್ ಫ್ಯಾಕ್ಟರ್ 200 ಇದ್ದು, ವೈರ್ 0.16 ಓಮ್ ಸೇರಿಸಿದರೆ ಅದು 40ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಕೋನ್ ಹಿಡಿದು ನಿಲ್ಲಿಸುವ ಕರೆಂಟ್ ವಾಯ್ಸ್ ಕಾಯಿಲ್ ಮೂಲಕವೇ ಹೋಗಬೇಕು, ಅದರ ಸ್ವಂತ ರೋಧವೇ 6 ಓಮ್ ಹತ್ತಿರ. ಅದರ ಮುಂದೆ 0.16 ಏನೂ ಅಲ್ಲ.

ಹುಬ್ಬಳ್ಳಿ_ಹೈಫೈ

ಓಮ್ ಲೆಕ್ಕದವರು ಹೇಳಿದ್ದು ಖರೇ ಐತ್ರಿ. ಆದ್ರ ಆ ಲೆಕ್ಕ ನಿಲ್ಲೂದು ವೈರ್‌ನ್ಯಾಗ ತಾಮ್ರ ಇದ್ರ ಮಾತ್ರ. ಆ ಮೂರನೇ ‘14 ಗೇಜ್’ ವೈರ್ ತಗೊಳ್ಳೂಕಿಂತ ಮೊದ್ಲ ಒಂದ್ ತುಂಡ್ ಕೇಳಿ ತರ್ರಿ, ತಾಮ್ರ ಲೇಪ ಮಾಡಿದ್ ಅಲ್ಯುಮಿನಿಯಂ ಇರಬಹುದು. ಒಂದ್ ಎಳಿ ತಗೊಂಡು ಚಾಕು ತುದಿಯಿಂದ ಹೆರೀರಿ. ಒಳಗ ಬೆಳ್ಳಗ ಕಂಡ್ರ ಅಲ್ಯುಮಿನಿಯಂ. ಹೊರಗ ಬೆಳ್ಳಗ, ಒಳಗ ಕೆಂಪಗ ಇದ್ರ ಅದು ತವರ ಹಚ್ಚಿದ್ ತಾಮ್ರ, ಅದು ಛಲೋ ಮಾಲು, ಬಿಡಬ್ಯಾಡ್ರಿ.

ಸೋಲ್ಡರ್_ಕಡ್ಡಿ

ಹೆರೆದರೂ ಅನುಮಾನ ಇದ್ದರೆ ತೂಕ ಹಾಕಿ. ಒಂದು ಮೀಟರ್ ಉದ್ದದ ಒಂದೇ ಎಳೆಗಟ್ಟಿನ ಪ್ಲಾಸ್ಟಿಕ್ ಪೂರ್ತಿ ಸುಲಿದು ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿಡಿ. 2.5 ಸ್ಕ್ವೇರ್ ಎಂಎಂ ತಾಮ್ರ ಆದರೆ 22 ಗ್ರಾಂ ಬರಬೇಕು. ಲೇಪದ ಅಲ್ಯುಮಿನಿಯಂ 8–9 ಗ್ರಾಂ ಬರುತ್ತೆ.

ಅಂಥ ವೈರಿನ ರೋಧ ಅದೇ ದಪ್ಪದ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. 2.5 ಅಂತ ಕೊಂಡಿದ್ದು ಕೆಲಸದಲ್ಲಿ 1.6ರಷ್ಟು ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ತುದಿಯಲ್ಲಿ: ಸ್ಕ್ರೂ ಕೆಳಗೆ ಅಲ್ಯುಮಿನಿಯಂ ನಿಧಾನಕ್ಕೆ ಒತ್ತಿ ಹರಡಿಕೊಂಡು ಹಿಡಿತ ಸಡಿಲವಾಗುತ್ತೆ, ಲೇಪ ಹೋದ ಕಡೆ ಆಕ್ಸೈಡ್ ಪದರ ಕಟ್ಟುತ್ತೆ. ಸೋಲ್ಡರ್ ಕೂಡ ಸರಿಯಾಗಿ ಹಿಡಿಯಲ್ಲ. ಎಳೆಗಳು ಎರಡು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತವೆ.

ಇನ್ನು ‘14 ಗೇಜ್’ ಅನ್ನುವ ಮಾತು. ಅಮೆರಿಕದ ಗೇಜ್ ಪ್ರಕಾರ 14 ಅಂದರೆ 2.08 ಸ್ಕ್ವೇರ್ ಎಂಎಂ. ನಮ್ಮಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯವರು ಹೇಳುವ ಬ್ರಿಟಿಷ್ ಗೇಜ್ ಪ್ರಕಾರ 14 ಅಂದರೆ 3.24. ಬೇನಾಮಿ ವೈರ್‌ನಲ್ಲಿ ಎರಡೂ ಅಲ್ಲದೆ ಬರೀ ಪ್ಲಾಸ್ಟಿಕ್ ದಪ್ಪ ಇರುತ್ತೆ. ಪರೀಕ್ಷೆ ಸುಲಭ: ಒಂದು ಎಳೆಯನ್ನು ಪೆನ್ಸಿಲ್‌ಗೆ 20 ಸುತ್ತು ಒತ್ತೊತ್ತಾಗಿ ಸುತ್ತಿ, ಸುತ್ತುಗಳ ಅಗಲ ಸ್ಕೇಲಿನಲ್ಲಿ ನೋಡಿ. 3 ಮಿಲಿಮೀಟರ್ ಬಂದರೆ ಎಳೆಯ ವ್ಯಾಸ 0.15. ಎಳೆಗಳನ್ನು ಎಣಿಸಿ. ವ್ಯಾಸ × ವ್ಯಾಸ × 0.785 × ಎಳೆಗಳ ಸಂಖ್ಯೆ. 60 ಎಳೆ ಇದ್ದರೆ 1.06 ಸ್ಕ್ವೇರ್ ಎಂಎಂ ಅಷ್ಟೇ, ಹೊರಗೆ ಏನೇ ಬರೆದಿರಲಿ.

‘ಆಕ್ಸಿಜನ್ ಫ್ರೀ’ಗೆ ಹೆಚ್ಚು ಕಾಸು ಕೊಡಬೇಡಿ. ಮಾಮೂಲಿ ಎಲೆಕ್ಟ್ರಿಕಲ್ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ಇರುವ ಅಂತರ ಸುಮಾರು ಒಂದು ಶೇಕಡಾ. 13 ಮೀಟರ್ ಬದಲು 12.87 ಮೀಟರ್ ಹಾಕಿದ ಹಾಗೆ.

ನಾದದ_ಹಾಲ್

ಹೆರೆದು ನೋಡಿದೆ, ಒಳಗೆ ಬೆಳ್ಳಗಿದೆ. ಮೂರನೆಯದು ಪಟ್ಟಿಯಿಂದ ಹೊರಗೆ. ಹಾಗಾದರೆ ಮನೆ ವೈರಿಂಗಿನ 2.5 ಫ್ಲೆಕ್ಸಿಬಲ್ ವೈರನ್ನೇ ಕೆಂಪು, ಕಪ್ಪು ತಂದು ಹಾಕಬಹುದೇ? ಉಳಿದ ಪ್ರಶ್ನೆ, ಎರಡೂ ಕಡೆ ಉದ್ದ ಸಮ ಇರಬೇಕಾ?

ಓಮ್_ಲೆಕ್ಕ

ಉದ್ದ ಸಮ ಬೇಡ. 4 ಮೀಟರ್ ವ್ಯತ್ಯಾಸಕ್ಕೆ 64 ಮಿಲಿಓಮ್, ಮಟ್ಟದಲ್ಲಿ 0.07 ಡಿಬಿ. ಸಮಯದ ಲೆಕ್ಕಕ್ಕೆ ಬಂದರೆ ಸಿಗ್ನಲ್ ಆ 4 ಮೀಟರ್ ದಾಟಲು ಸುಮಾರು 20 ನ್ಯಾನೋಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ 7 ಮೈಕ್ರೋಮೀಟರ್ ಕೂಡ ಚಲಿಸುವುದಿಲ್ಲ. ಉಳಿದ 4 ಮೀಟರ್ ಸುರುಳಿ ಸುತ್ತಿ ಸ್ಪೀಕರ್ ಹಿಂದೆ ತುರುಕುವುದಕ್ಕಿಂತ ಕತ್ತರಿಸಿ. ರಿಸೀವರ್ ಮೆನುವಿನಲ್ಲಿ ಕೇಳುವ ‘ದೂರ’ ಕೂಡ ಸ್ಪೀಕರಿನಿಂದ ನೀವು ಕೂರುವ ಜಾಗಕ್ಕೆ, ವೈರಿನ ಉದ್ದವಲ್ಲ.

ಮನೆ ವೈರ್ ಧಾರಾಳವಾಗಿ ಹಾಕಿ. ಐಎಸ್ 694 ಮುದ್ರೆ ಇರುವ ಒಳ್ಳೆಯ ಕಂಪನಿಯ 2.5 ಫ್ಲೆಕ್ಸಿಬಲ್ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಮೀ ದಪ್ಪದ 36 ಎಳೆ ಇರುತ್ತವೆ, ತಾಮ್ರದ ಬಗ್ಗೆ ಅನುಮಾನ ಬೇಡ. ಆದರೆ ಎರಡು ಬಿಡಿ ವೈರನ್ನು ಒಂದು ಆ ಕಡೆ, ಒಂದು ಈ ಕಡೆ ಬಿಡಬೇಡಿ. ಅಂಟಿಕೊಂಡಿರುವ ಜೋಡಿಯ ಇಂಡಕ್ಟೆನ್ಸ್ (ಫ್ರೀಕ್ವೆನ್ಸಿ ಏರಿದಷ್ಟೂ ಅಡ್ಡಿ ಹೆಚ್ಚಿಸುವ ಗುಣ) ಮೀಟರಿಗೆ 0.65 ಮೈಕ್ರೋಹೆನ್ರಿ ಹತ್ತಿರ. ಒಂದಡಿ ಅಂತರದಲ್ಲಿ ಓಡಿಸಿದರೆ 2.3ಕ್ಕೆ ಏರುತ್ತದೆ. 13 ಮೀಟರಿಗೆ 30 ಮೈಕ್ರೋಹೆನ್ರಿ ಆಯಿತು, 20 ಕಿಲೋಹರ್ಟ್ಸ್‌ನಲ್ಲಿ ಅದು 3.8 ಓಮ್ ಅಡ್ಡಿ. ಟ್ವೀಟರ್ 8 ಓಮ್ ಅಂತಿಟ್ಟುಕೊಂಡರೆ ಮೇಲಿನ ತುದಿಯಲ್ಲಿ 0.8 ಡಿಬಿ ಹೋಯಿತು. ಅಂಟಿಸಿ ಒಯ್ದರೆ ಅದೇ ನಷ್ಟ 0.1 ಡಿಬಿ ಒಳಗೆ. ಗಮನಿಸಿ, ಇದು ವೈರ್ ದಪ್ಪ ಮಾಡಿದರೆ ಸರಿಹೋಗುವ ವಿಷಯ ಅಲ್ಲ.

ಸೋಲ್ಡರ್_ಕಡ್ಡಿ

ಹೆಣೆಯುವ ವಿಧಾನ: ಎರಡೂ ವೈರಿನ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮಷಿನ್ ಚಕ್‌ಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು ನಿಧಾನವಾಗಿ ತಿರುಗಿಸಿ. ನಾಲ್ಕೈದು ಸೆಂಟಿಮೀಟರಿಗೆ ಒಂದು ಸುತ್ತು ಸಾಕು. ಉದ್ದ ಸ್ವಲ್ಪ ಕುಗ್ಗುತ್ತೆ, 13 ಮೀಟರಿಗೆ 14.5 ಮೀಟರ್ ಇಟ್ಟುಕೊಂಡು ಶುರು ಮಾಡಿ.

ಮುಖ್ಯವಾದ ಎಚ್ಚರಿಕೆ ಒಂದಿದೆ. ಕೇಸಿಂಗ್ ಒಳಗೆ ಕೆಂಪು-ಕಪ್ಪು ಮನೆ ವೈರ್ ಕಂಡ ಎಲೆಕ್ಟ್ರಿಷಿಯನ್ ನಾಳೆ ಅದನ್ನು 230 ವೋಲ್ಟ್ ಲೈನ್ ಅಂದುಕೊಂಡು ಪ್ಲಗ್ ಪಾಯಿಂಟ್ ಎಳೆದರೆ ರಿಸೀವರ್, ಸ್ಪೀಕರ್ ಎರಡೂ ಸುಟ್ಟು ಹೋಗುತ್ತವೆ. ಎರಡೂ ತುದಿಗೆ, ಪ್ರತಿ ತಿರುವಿಗೆ ‘ಸ್ಪೀಕರ್’ ಅಂತ ಸ್ಟಿಕ್ಕರ್ ಹಚ್ಚಿ. ಮೇನ್ಸ್ ವೈರ್ ಇರುವ ಕೇಸಿಂಗ್‌ನಲ್ಲಿ ಇದನ್ನು ಸೇರಿಸಲೇಬೇಡಿ. ಹಮ್ ಬರುತ್ತೆ ಅಂತಲ್ಲ, ಸ್ಪೀಕರ್ ಲೈನಿಗೆ ಹಮ್ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಇನ್ಸುಲೇಷನ್ ಎಲ್ಲಾದರೂ ಕಿತ್ತರೆ ಸ್ಪೀಕರ್ ಟರ್ಮಿನಲ್‌ಗೆ ಮೇನ್ಸ್ ಬರುತ್ತೆ, ಅದಕ್ಕೆ. ಅದೇ ಕಾರಣಕ್ಕೆ ಸ್ಪೀಕರ್ ವೈರಿಗೆ ಟೂ ಪಿನ್ ಮೇನ್ಸ್ ಪ್ಲಗ್ ಹಾಕುವ ಅಭ್ಯಾಸವೂ ಬೇಡ. ಮಕ್ಕಳು ಗೋಡೆ ಸಾಕೆಟ್ಟಿಗೆ ಚುಚ್ಚಿಬಿಡುತ್ತಾರೆ.

ಫ್ರೀಮಾಂಟ್_ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಇರುವವರಿಗೆ ಒಂದು ಸೇರಿಸುತ್ತೇನೆ. ಇಲ್ಲಿನ ಗೋಡೆಗಳು ಮರದ ಚೌಕಟ್ಟು, ಒಳಗೆ ಪೊಳ್ಳು. ಹಾಗಾಗಿ ಗೋಡೆಯೊಳಗೆ ಹೋಗುವ ಸ್ಪೀಕರ್ ವೈರಿನ ಮೇಲೆ ಸಿಎಲ್2 ಅಥವಾ ಸಿಎಲ್3 ಅಂತ ಮುದ್ರೆ ಇರಬೇಕು, ಬೆಂಕಿ ಹಬ್ಬದಂತೆ ತಡೆಯುವ ಹೊದಿಕೆಯ ದರ್ಜೆ ಅದು. ದೀಪದ ಜೋಡಿ ವೈರನ್ನು ನೆಲದ ಮೇಲೆ ಬಳಸಬಹುದು, ಗೋಡೆಯೊಳಗೆ ಬೇಡ. ಡಬ್ಬದ ಮೇಲೆ 14/2 ಅಂತ ಇದ್ದರೆ 14 ಗೇಜ್, ಎರಡು ಎಳೆಗಟ್ಟು ಎಂದರ್ಥ. ಮೇಲಿನ 40/76 ಥರ ಓದಿಕೊಳ್ಳಬೇಡಿ. ಗೇಜ್‌ನಿಂದ ಲೆಕ್ಕ ಮಾಡಲು 12 ಅಂದರೆ 3.31, 16 ಅಂದರೆ 1.31, 18 ಅಂದರೆ 0.82 ಸ್ಕ್ವೇರ್ ಎಂಎಂ. ಮೂರು ಗೇಜ್ ಇಳಿದರೆ ತಾಮ್ರ ಎರಡು ಪಟ್ಟು.

ಕುಡ್ಲ_ಆಡಿಯೊ

ನಮ್ಮ ಕಡಲ ಬದಿಯವರಿಗೆ ದಪ್ಪಕ್ಕಿಂತ ದೊಡ್ಡ ತಲೆನೋವು ಕಿಲುಬು. ಪಾರದರ್ಶಕ ವೈರಿನ ಒಳಗೆ ತಾಮ್ರ ಉದ್ದಕ್ಕೂ ಹಸಿರಾಗುವುದನ್ನು ಕಾಣಬಹುದು. ಇದಕ್ಕೆ ಏನು ಮಾಡುವುದು?

ಸೋಲ್ಡರ್_ಕಡ್ಡಿ

ಉದ್ದಕ್ಕೂ ಹಸಿರಾದರೂ ಒಳಗಿನ ತಾಮ್ರ ಬಹುಪಾಲು ಹಾಗೇ ಇರುತ್ತೆ, ರೋಧ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಪೆಟ್ಟು ಬೀಳುವುದು ಟರ್ಮಿನಲ್ ಕಚ್ಚುವ ಜಾಗದಲ್ಲಿ. ಹಸಿರು ಹಿಡಿದ ಎಳೆಯನ್ನು ಸ್ಪ್ರಿಂಗ್ ಕ್ಲಿಪ್‌ಗೆ ಸಿಕ್ಕಿಸಿದರೆ ಅಲ್ಲೇ ಅರ್ಧ ಓಮ್ ಕೂತಿರಬಹುದು, 4 ಸ್ಕ್ವೇರ್ ಹಾಕಿದ್ದೂ ವ್ಯರ್ಥ. ಕರಾವಳಿಯವರು ತವರ ಲೇಪದ ತಾಮ್ರ ತಗೊಳ್ಳಿ. ಸಿಗದಿದ್ದರೆ ಮಾಮೂಲಿ ವೈರಿಗೆ ಪಿನ್ ಲಗ್ (ತುದಿಗೆ ಹಾಕುವ ಲೋಹದ ಕಡ್ಡಿ) ಹಾಕಿ ಒತ್ತು ಯಂತ್ರದಲ್ಲಿ ಒತ್ತಿ, ಬುಡಕ್ಕೆ ಹೀಟ್ ಶ್ರಿಂಕ್ ತೋಳು ಏರಿಸಿ ಕಾಯಿಸಿ. ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡುವುದು. ಕಪ್ಪಾಗಿದ್ದರೆ 2 ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸುಲಿಯಿರಿ. ಅದಕ್ಕೆಂದೇ ಪ್ರತಿ ತುದಿಯಲ್ಲಿ ಅರ್ಧ ಅಡಿ ಹೆಚ್ಚು ಬಿಟ್ಟಿರಬೇಕು.

ಎಲ್ಲರಿಗೂ ಅನ್ವಯಿಸುವ ಮಾತು: ಎಳೆಗಳ ತುದಿಗೆ ಸೋಲ್ಡರ್ ತುಂಬಿ ಸ್ಕ್ರೂ ಕೆಳಗೆ ಬಿಗಿಯಬೇಡಿ. ಸೋಲ್ಡರ್ ಮೆದು ಲೋಹ, ಒತ್ತಡದಲ್ಲಿ ನಿಧಾನಕ್ಕೆ ಜರುಗಿ ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲ. ಲಗ್ ಅಥವಾ ಬನಾನಾ ಪ್ಲಗ್ ಸರಿ. ಬರೀ ವೈರ್ ಸಿಕ್ಕಿಸುವುದಾದರೆ 10–12 ಮಿಲಿಮೀಟರ್ ಮಾತ್ರ ಸುಲಿದು, ಬಿಗಿಯಾಗಿ ಹೊಸೆದು ಸಿಕ್ಕಿಸಿ. ಹೊರಗೆ ಚಾಚಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗುತ್ತೆ. ಎಲ್ಲ ಆಂಪ್‌ಗೂ ಆ ರಕ್ಷಣೆ ಇರುವುದಿಲ್ಲ, ಔಟ್‌ಪುಟ್ ಟ್ರಾನ್ಸಿಸ್ಟರ್ ನೇರ ಹೋಗುವುದೂ ಉಂಟು.

ಸಣ್ಣ ಸರೌಂಡ್ ಸ್ಪೀಕರಿನ ಸ್ಪ್ರಿಂಗ್ ಕ್ಲಿಪ್ ರಂಧ್ರಕ್ಕೆ 2.5 ಕಷ್ಟಪಟ್ಟು ಹೋಗುತ್ತೆ, 4 ಹೋಗುವುದೇ ಇಲ್ಲ. ಆಗ ಎಳೆ ಕತ್ತರಿಸಿ ತೆಳ್ಳಗೆ ಮಾಡಬೇಡಿ, ತೆಳ್ಳನೆ ಪಿನ್ ಲಗ್ ಹಾಕಿ.

ಹುಬ್ಬಳ್ಳಿ_ಹೈಫೈ

ಪ್ಲಸ್ ಮೈನಸ್ ಅದಲು ಬದಲು ಆಗದಂಗ ನೋಡ್ಕೋರಿ. ಒಂದ ಸ್ಪೀಕರ್ ಉಲ್ಟಾ ಆದ್ರ ಬೇಸ್ ಮಾಯ. ಗೊತ್ತ ಆಗಲಿಲ್ಲಂದ್ರ ವೈರ್ ರಿಸೀವರಿನಿಂದ ಬಿಚ್ಚಿ, ಆ ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದ್ ಕ್ಷಣ ಮುಟ್ಟಸ್ರಿ. ಸೆಲ್ಲಿನ ಪ್ಲಸ್, ಸ್ಪೀಕರಿನ ಪ್ಲಸ್ ಸೇರಿದ್ರ ವೂಫರ್ ಕೋನ್ ಹೊರಗ ಬರ್ತೈತಿ.

ನಾದದ_ಹಾಲ್

ವೈರ್ ಎಳೆದ ಮೇಲೆ ನಿಜವಾದ ರೋಧ ಅಳೆಯಲು ಆಗುತ್ತದೆಯೇ? ಮಲ್ಟಿಮೀಟರಿನಲ್ಲಿ ಎರಡು ಪ್ರೋಬ್ ಮುಟ್ಟಿಸಿದರೆ ಸಾಕೆ?

ಓಮ್_ಲೆಕ್ಕ

ಮಲ್ಟಿಮೀಟರಿನ ಪ್ರೋಬ್ ವೈರೇ 0.2–0.3 ಓಮ್ ತೋರಿಸುತ್ತದೆ, ನೀವು ಹುಡುಕುತ್ತಿರುವುದು 0.2 ಓಮ್. ಆ ದಾರಿ ಬೇಡ. ಹೀಗೆ ಮಾಡಿ.

ವೈರನ್ನು ಎರಡೂ ಕಡೆ ಬಿಚ್ಚಿ. ಸ್ಪೀಕರ್ ಕಡೆಯ ತುದಿಗಳನ್ನು ಗಟ್ಟಿಯಾಗಿ ಒಂದಕ್ಕೊಂದು ಹೊಸೆಯಿರಿ. ರಿಸೀವರ್ ಕಡೆ, 5 ವೋಲ್ಟ್ 2 ಆಂಪಿಯರ್ ಮೊಬೈಲ್ ಚಾರ್ಜರಿನ ಕೆಂಪು ವೈರಿಗೆ 4.7 ಓಮ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್, ಅದರ ಇನ್ನೊಂದು ಕಾಲಿಗೆ ಸ್ಪೀಕರ್ ವೈರಿನ ಒಂದು ಎಳೆಗಟ್ಟು, ಇನ್ನೊಂದು ಎಳೆಗಟ್ಟಿಗೆ ಚಾರ್ಜರಿನ ಕಪ್ಪು. ಸುಮಾರು 1 ಆಂಪಿಯರ್ ಹರಿಯುತ್ತದೆ. ಈಗ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ರೆಸಿಸ್ಟರಿನ ಎರಡು ಕಾಲುಗಳ ನಡುವೆ ಒಂದು ಅಳತೆ, ಸ್ಪೀಕರ್ ವೈರಿನ ಎರಡು ಎಳೆಗಟ್ಟುಗಳ ತುದಿಯ ನಡುವೆ ಇನ್ನೊಂದು ಅಳತೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 4.7ರಿಂದ ಗುಣಿಸಿದರೆ ವೈರಿನ ರೋಧ ಓಮ್‌ನಲ್ಲಿ ಬರುತ್ತದೆ. ರೆಸಿಸ್ಟರ್ ಚೆನ್ನಾಗಿ ಕಾಯುತ್ತದೆ, ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ, ಕೈಯಲ್ಲಿ ಹಿಡಿಯಬೇಡಿ.

ನಿಮ್ಮ ಬಲಗಡೆಯ ವೈರ್ ಹೆಣೆದ ಮೇಲೆ ತಾಮ್ರ 14.5 ಮೀಟರ್ ತನಕ ಇರುವುದರಿಂದ 0.23 ಓಮ್ ಆಸುಪಾಸು ಬರಬೇಕು. 0.35 ಮೀರಿದರೆ ತಾಮ್ರ ಕಡಿಮೆ ಇದೆ, ಅಥವಾ ಸ್ಪೀಕರ್ ತುದಿಯಲ್ಲಿ ಹೊಸೆದದ್ದು ಸಡಿಲ. ಮೊದಲು ಹೊಸೆದದ್ದನ್ನು ನೋಡಿ.

ನಾದದ_ಹಾಲ್

ಎಲ್ಲರಿಗೂ ಧನ್ಯವಾದ. ಪಟ್ಟಿ ಹೀಗೆ ಮಾಡಿಕೊಂಡಿದ್ದೇನೆ: ಮುಂದಿನ ಮೂರಕ್ಕೆ 1.5 ಸ್ಕ್ವೇರ್ ಎರಡು ಕೋರ್ ರೌಂಡ್ ಕೇಬಲ್ 11 ಮೀಟರ್, ಹಿಂದಕ್ಕೆ 2.5 ಕೆಂಪು 26 ಮೀಟರ್, ಕಪ್ಪು 26 ಮೀಟರ್, ಸಬ್‌ವೂಫರಿಗೆ 2.5ರಲ್ಲೇ 6 ಮೀಟರ್. ಪಿನ್ ಲಗ್ 20, ಹೀಟ್ ಶ್ರಿಂಕ್ 1 ಮೀಟರ್.

ಸೋಲ್ಡರ್_ಕಡ್ಡಿ

ಸಬ್‌ವೂಫರಿನ 6 ಮೀಟರ್ ತೆಗೆದುಹಾಕಿ. ಸ್ವಂತ ಪವರ್ ಕಾರ್ಡ್ ಇರುವ ಸಬ್ ಆದರೆ ಅದಕ್ಕೆ ಸ್ಪೀಕರ್ ವೈರ್ ಬೇಡ, ರಿಸೀವರಿನ ಸಬ್ ಔಟ್‌ನಿಂದ ಶೀಲ್ಡ್ ಇರುವ ಆರ್‌ಸಿಎ ಕೇಬಲ್ ಒಂದು ಬೇಕು. ಅಲ್ಲಿ ದಪ್ಪದ ಮಾತೇ ಬರುವುದಿಲ್ಲ. ಆದರೆ ಮೇನ್ಸ್ ಹಮ್ ಹತ್ತುವುದು ಈ ಕೇಬಲ್ಲಿಗೇ. ಸ್ಪೈಕ್ ಬಸ್ಟರ್ ವೈರಿನ ಜೊತೆ ಕಟ್ಟಬೇಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಮುಂದಿನ ಮೂರಕ್ಕೆ 11 ಮೀಟರ್ ಸರಿಯಾಗಿದೆ. ಹಿಂದಿನ 26 ಕೂಡ ಸಾಕು, ಆದರೆ ಹೆಣೆಯುವ ಮೊದಲೇ 15.5, 10.5 ಅಂತ ಎರಡು ತುಂಡು ಮಾಡಿಕೊಳ್ಳಿ. ಹೆಣೆಯುವಾಗ ಕುಗ್ಗಿದ ಮೇಲೂ ಎರಡು ತುದಿಗೆ ಅರ್ಧರ್ಧ ಅಡಿ ಉಳಿಯುತ್ತೆ.